ಮೈಕೈ ನೋವಿಗೆ ಯಾರ ಹತ್ತಿರ ಹೋಗೋಣ? ಅಭ್ಯಂಗದಿಂದ ರೇಖಿವರೆಗೆ ಒಂದು ಹೋಲಿಕೆ

ಜಯನಗರವೋ ಮಲ್ಲೇಶ್ವರವೋ, ಬೆಂಗಳೂರಿನ ಯಾವುದಾದರೊಂದು ಮುಖ್ಯರಸ್ತೆಯಲ್ಲಿ ಸ್ವಲ್ಪ ದೂರ ನಡೆದು ನೋಡಿ. ಕೇರಳ ಆಯುರ್ವೇದ ಮಸಾಜ್, ಫಿಸಿಯೋಥೆರಪಿ, ಫುಟ್ ರಿಫ್ಲೆಕ್ಸಾಲಜಿ, ಆಕ್ಯುಪ್ರೆಶರ್, ರೇಖಿ, ಈಚೆಗೆ ಕೈರೋಪ್ರಾಕ್ಟಿಕ್. ಮೂಲೆಯಲ್ಲೊಂದು ಪುತ್ತೂರು ಕಟ್ಟಿನ ಬೋರ್ಡು. ಎಲ್ಲದರ ಮೇಲೂ ಸೊಂಟ ನೋವು, ಕುತ್ತಿಗೆ ನೋವು, ಮಂಡಿ ನೋವು ಅಂತಲೇ ಬರೆದಿರುತ್ತದೆ. ಎಲ್ಲರೂ ಎಲ್ಲವನ್ನೂ ವಾಸಿ ಮಾಡುತ್ತಾರೆ ಅಂದರೆ ನಾವು ಆರಿಸಿಕೊಳ್ಳುವುದು ಹೇಗೆ?

ನನ್ನ ಅಳತೆಗೋಲು ಮೊದಲೇ ಹೇಳಿಬಿಡುತ್ತೇನೆ. ಮೈಮೇಲೆ ಕೈ ಇಡುವ ಮುನ್ನ ಅವರು ಏನೇನು ಕೇಳುತ್ತಾರೆ ಅಂತ ನೋಡಿ. ಶುಗರ್ ಇದೆಯಾ, ಬಿದ್ದಿದ್ದಿರಾ, ಯಾವ ಮಾತ್ರೆ ತಗೋತೀರಾ, ಕಾಲು ಜೋಮು ಹಿಡಿಯುತ್ತಾ ಅಂತ ಕೇಳಿ, ಬೇಕಾದರೆ 'ನಿಮಗೆ ಇದು ಬೇಡ, ಮೊದಲು ಡಾಕ್ಟರಿಗೆ ತೋರಿಸಿ' ಅಂತ ವಾಪಸ್ ಕಳಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ. ಬಂದವರನ್ನೆಲ್ಲ ಮಲಗಿಸಿ ಎಣ್ಣೆ ಹಚ್ಚುವ ಕಡೆ ಬೋರ್ಡು ಎಷ್ಟು ಚೆನ್ನಾಗಿದ್ದರೂ ಹೋಗಬೇಡಿ. ಯಾವ ಪದ್ಧತಿ ಅನ್ನುವ ಪ್ರಶ್ನೆ ಇದರ ನಂತರದ್ದು.

ಕೈಯಿಂದ ಮಾಡುವ ಚಿಕಿತ್ಸೆ ಎಲ್ಲವೂ ಒಂದು ಮಟ್ಟಕ್ಕೆ ಹಿತ ಕೊಡುತ್ತವೆ. ಮಂಚದ ಕಾಲಿಗೆ ಕಾಲು ತಗುಲಿದರೆ ತಕ್ಷಣ ಅಲ್ಲಿ ಉಜ್ಜಿಕೊಳ್ಳುತ್ತೀವಿ ಅಲ್ವಾ? ಉಜ್ಜಿದರೆ ನೋವು ತಗ್ಗುವುದು ಯಾಕೆ ಅನ್ನುವುದಕ್ಕೆ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿವರಣೆ ಕೊಟ್ಟರು. ಮುಟ್ಟಿದ, ಒತ್ತಿದ ಸುದ್ದಿ ಹೊತ್ತ ನರಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಅಡ್ಡ ಬರುತ್ತವೆ ಅಂತ. ಆಮೇಲೆ ಅದರಲ್ಲಿ ಎಷ್ಟೋ ತಿದ್ದುಪಡಿ ಆಗಿದೆ, ಮೂಲ ವಿಚಾರ ಮಾತ್ರ ನಿಂತಿದೆ. ಇದರ ಜೊತೆಗೆ ಕತ್ತಲೆ ಕೋಣೆ, ಬೆಚ್ಚಗಿನ ಎಣ್ಣೆ, ಮುಕ್ಕಾಲು ಗಂಟೆ ಫೋನಿಲ್ಲ. ಹಿತ ಅನ್ನಿಸದೆ ಇರುತ್ತದೆಯೇ? ಆದ್ದರಿಂದ 'ಅಲ್ಲಿ ಹೋದೆ, ಹಾಯ್ ಅನ್ನಿಸಿತು' ಅಂತ ಪಕ್ಕದ ಮನೆಯವರು ಹೇಳಿದರೆ ನಂಬಿ. ಆದರೆ ಆ ಹಾಯ್ ಎರಡು ದಿನದ್ದೋ ಎರಡು ತಿಂಗಳದ್ದೋ, ಅದನ್ನೂ ಕೇಳಿ.

ಸೊಂಟ ಮತ್ತು ಕುತ್ತಿಗೆ: ಹೊಸ ನೋವೋ ಹಳೇ ನೋವೋ

ಜಾಸ್ತಿ ಜನ ಹೋಗುವುದು ಇದಕ್ಕೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಿನ್ನೆ ಮೊನ್ನೆ ಬಕೆಟ್ ಎತ್ತುವಾಗ ಹಿಡಿದುಕೊಂಡ ಸೊಂಟ ಬೇರೆ, ಮೂರು ತಿಂಗಳಿಂದ ಕಾಡುತ್ತಿರುವ ಸೊಂಟ ಬೇರೆ. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಎಂಬ ಅಲ್ಲಿನ ವೈದ್ಯರ ಸಂಘ ಸೊಂಟ ನೋವಿಗೆ ಕೊಟ್ಟ ಸಲಹೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಹೊಸ ನೋವಿಗೆ ಮಾತ್ರೆಗಿಂತ ಮೊದಲು ಬಿಸಿ ಶಾಖ, ಮಸಾಜ್, ಆಕ್ಯುಪಂಕ್ಚರ್, ಕೈಯಿಂದ ಬೆನ್ನುಮೂಳೆ ಒತ್ತಿ ಸಡಿಲಿಸುವುದು, ಇವುಗಳಲ್ಲಿ ಒಂದನ್ನು ನೋಡಿ ಎಂದಿದ್ದಾರೆ. ಹಳೇ ನೋವಿನ ಪಟ್ಟಿಯಲ್ಲಿ ಮೊದಲು ಬರುವುದು ವ್ಯಾಯಾಮ. ಯೋಗವೂ ಅದರಲ್ಲಿದೆ. ಯಾವ ರೋಗಕ್ಕೆ ಯಾವ ಚಿಕಿತ್ಸೆ ಅಂತ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಇನ್ನೂ ಬಿಗಿಯಾಗಿ ಹೇಳಿತು: ಕೈ ಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ, ಒಂಟಿಯಾಗಿ ಬೇಡ.

ಇನ್ನೊಂದು ವಿಷಯ. ಹೊಸದಾಗಿ ಹಿಡಿದುಕೊಂಡ ಸೊಂಟ ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗೇ ಬಿಡುತ್ತದೆ. ಕೊನೆಗೆ ಯಾರ ಹತ್ತಿರ ಹೋಗಿದ್ದೆವೋ ಅವರಿಗೆ ಹೆಸರು ಬರುತ್ತದೆ, ಅಷ್ಟೇ.

ಹಾಗಾದರೆ ಹಳೇ ನೋವಿಗೆ ನನ್ನ ಮೊದಲ ಮತ ಫಿಸಿಯೋಥೆರಪಿಗೆ. ಅದು ಪೂರಕ ಚಿಕಿತ್ಸೆ ಅಲ್ಲ, ಆಸ್ಪತ್ರೆಯ ಚಿಕಿತ್ಸೆಯೇ. ಆದರೂ ಈ ಹೋಲಿಕೆಯಿಂದ ಅದನ್ನು ಹೊರಗಿಟ್ಟರೆ ಉಳಿದವನ್ನು ಅಳೆಯುವುದಕ್ಕೆ ಗೆರೆಯೇ ಇರುವುದಿಲ್ಲ. ಆದರೆ ಎಲ್ಲ ಫಿಸಿಯೋ ಕ್ಲಿನಿಕ್ಕೂ ಒಂದೇ ಅಲ್ಲ. ಕೆಲವು ಕಡೆ ಹೋದ ಕೂಡಲೇ ಮಲಗಿಸಿ, ಬೆನ್ನಿಗೆ ನಾಲ್ಕು ಪ್ಯಾಡ್ ಅಂಟಿಸಿ, ಸಣ್ಣ ಕರೆಂಟ್ ಹರಿಸುವ ಐಎಫ್‌ಟಿ ಮಷೀನ್ ಹಾಕಿ ಹೊರಟುಹೋಗುತ್ತಾರೆ. ಜುಮ್ ಅನ್ನುತ್ತದೆ, ಹದಿನೈದು ನಿಮಿಷಕ್ಕೆ ಟಣ್ ಅಂತ ಸದ್ದಾಗುತ್ತದೆ, ಎದ್ದು ಬರುತ್ತೀರಿ. ನಾಳೆ ಮತ್ತೆ ಅದೇ. ಮೇಲೆ ಹೇಳಿದ ನೈಸ್ ಸಂಸ್ಥೆ ಸೊಂಟ ನೋವಿಗೆ ಐಎಫ್‌ಟಿ, ಅದರಂತೆಯೇ ಕರೆಂಟ್ ಕೊಡುವ ಟೆನ್ಸ್, ಅಲ್ಟ್ರಾಸೌಂಡ್ ಮೂರೂ ಬೇಡ ಅಂತಲೇ ಹೇಳಿದೆ. ಒಳ್ಳೆಯ ಫಿಸಿಯೋ ನಿಮ್ಮನ್ನು ಬಗ್ಗಿಸಿ, ನಡೆಸಿ, ಒಂಟಿ ಕಾಲಲ್ಲಿ ನಿಲ್ಲಿಸಿ ನೋಡುತ್ತಾರೆ. ಬಿಗಿದ ಜಾಗವನ್ನು ಕೈಯಿಂದ ಸಡಿಲಿಸುತ್ತಾರೆ. ಮೂರೋ ನಾಲ್ಕೋ ವ್ಯಾಯಾಮ ಹೇಳಿಕೊಟ್ಟು, ಮುಂದಿನ ಸಲ ಹೋದಾಗ 'ಮಾಡಿ ತೋರಿಸಿ' ಅನ್ನುತ್ತಾರೆ. ಇವರ ಗುರಿ ನೀವು ಅವರ ಹತ್ತಿರ ಬರುವುದು ನಿಲ್ಲಬೇಕು ಅನ್ನುವುದು. ಬೇರೆ ಬೋರ್ಡುಗಳ ಕೆಳಗೆ ಇಂಥ ಗುರಿ ಅಪರೂಪ.

ಕೊರತೆಯೂ ಹೇಳಬೇಕು. ಫಿಸಿಯೋದಲ್ಲಿ ಕೆಲಸ ನಿಮ್ಮದು. ಮನೆಯಲ್ಲಿ ವ್ಯಾಯಾಮ ಮಾಡದಿದ್ದರೆ ಕೊಟ್ಟ ದುಡ್ಡು ದಂಡ. ಮಲಗಿ ಆರಾಮ ತಗೊಳ್ಳುವ ಆಸೆ ಇದ್ದರೆ ಅದು ಇಲ್ಲಿ ಸಿಗುವುದಿಲ್ಲ.

ಎಣ್ಣೆಯ ದಾರಿ

ಆ ಆರಾಮ ಬೇಕು ಅನ್ನುವವರಿಗೆ ಅಭ್ಯಂಗ. ನಮಗೆ ಇದು ಹೊಸದೇನಲ್ಲ. ನರಕ ಚತುರ್ದಶಿ ಬೆಳಗ್ಗೆ ಹರಳೆಣ್ಣೆಯೋ ಕೊಬ್ಬರಿ ಎಣ್ಣೆಯೋ ಹಚ್ಚಿ, ಹಂಡೆ ನೀರು ಹೊಯ್ದು, ಸೀಗೆಪುಡಿಯಲ್ಲಿ ಉಜ್ಜಿಸಿಕೊಂಡವರಿಗೆ ಎಣ್ಣೆಯ ಸುಖ ಗೊತ್ತೇ ಇರುತ್ತದೆ. ಆಯುರ್ವೇದ ಕೇಂದ್ರದಲ್ಲಿ ಮಾಡುವುದು ಇದರದೇ ಕ್ರಮಬದ್ಧ ರೂಪ. ನೋವಿಗೆ ತಕ್ಕ ಹಾಗೆ ಕ್ಷೀರಬಲಾ, ಮಹಾನಾರಾಯಣ, ಧನ್ವಂತರಂ, ಕೊಟ್ಟಂಚುಕ್ಕಾದಿಯಂಥ ಕಾಯಿಸಿದ ತೈಲ ಆರಿಸುತ್ತಾರೆ. ಉದ್ದಕ್ಕೆ ಎಳೆದು, ಕೀಲುಗಳ ಮೇಲೆ ಸುತ್ತಾಗಿ ತಿರುವಿ ತೀಡುತ್ತಾರೆ. ಆಮೇಲೆ ಹಬೆ.

ಸೊಂಟಕ್ಕೆ ಅಂತಲೇ ಇರುವುದು ಕಟಿಬಸ್ತಿ. ಇದನ್ನು ನೋಡುವುದೇ ಒಂದು ಚೆಂದ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಹೊಸೆದು, ಸೊಂಟದ ಮೇಲೆ ಬಳೆಯ ಹಾಗೆ ಕಟ್ಟೆ ಕಟ್ಟುತ್ತಾರೆ. ಅಂಚನ್ನು ಒದ್ದೆ ಬೆರಳಿನಿಂದ ಚರ್ಮಕ್ಕೆ ಒತ್ತಿ, ಎಣ್ಣೆ ಸೋರದ ಹಾಗೆ ಮೆತ್ತುತ್ತಾರೆ. ಒಳಗೆ ಬೆಚ್ಚಗಿನ ತೈಲ ಹೊಯ್ಯುತ್ತಾರೆ. ಅದು ಆರಿದ ಹಾಗೆಲ್ಲ ಹತ್ತಿಯಲ್ಲಿ ಅದ್ದಿ ತೆಗೆದು, ಬಿಸಿ ತೈಲ ತುಂಬುತ್ತಾರೆ. ಅರ್ಧ ಗಂಟೆ ಅಲ್ಲಾಡುವ ಹಾಗಿಲ್ಲ. ಕುತ್ತಿಗೆಗೆ ಮಾಡಿದರೆ ಗ್ರೀವಾಬಸ್ತಿ, ಮಂಡಿಗೆ ಮಾಡಿದರೆ ಜಾನುಬಸ್ತಿ. ಒಂದು ಕಡೆಯೇ ನಿಂತ, ಹದವಾದ, ಒದ್ದೆ ಶಾಖ ಇದು. ಬಿಗಿದ ಸ್ನಾಯುವಿಗೆ ಹಿತ ಅನ್ನುವುದರಲ್ಲಿ ಅನುಮಾನವಿಲ್ಲ. 'ಡಿಸ್ಕ್ ಒಳಗೆ ಹೋಗುತ್ತದೆ' ಅಂತ ಯಾರಾದರೂ ಹೇಳಿದರೆ ಮಾತ್ರ ಅದನ್ನು ನಾನು ಒಪ್ಪಲಾರೆ. ಎಷ್ಟೋ ಡಿಸ್ಕ್ ಉಬ್ಬು ಕಾಲಕ್ರಮದಲ್ಲಿ ತಾನಾಗೇ ಕುಗ್ಗುತ್ತದೆ. ಎಣ್ಣೆ ಅಲ್ಲಿಗೆ ಇಳಿದು ಕೆಲಸ ಮಾಡಿದೆ ಅಂತ ತೋರಿಸಿದವರಿಲ್ಲ.

ಮಸಾಜ್ ಬಗ್ಗೆ ಒಟ್ಟಾರೆ ಪುರಾವೆ ಏನು? ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕೊಕ್ರೇನ್ ಸಂಸ್ಥೆಯ 2015ರ ಪರಿಶೀಲನೆ ಸೊಂಟ ನೋವಿಗೆ ಮಸಾಜ್ ಸ್ವಲ್ಪ ಕಾಲದ ಮಟ್ಟಿಗೆ ಪ್ರಯೋಜನ ಕೊಡಬಹುದು ಎಂದಿತು. ಪುರಾವೆಯ ಗುಣಮಟ್ಟ ಕಡಿಮೆ ಅಂತಲೂ ಎಚ್ಚರಿಸಿತು. ಅಂದರೆ ಅಭ್ಯಂಗ ಮಾಡಿಸಿಕೊಂಡು ಹಗುರಾದ ಎರಡು ಮೂರು ದಿನದಲ್ಲಿ ನಡಿಗೆ, ವ್ಯಾಯಾಮ ಶುರು ಮಾಡಿದರೆ ಲಾಭ. ಹಗುರಾಯಿತು ಅಂತ ಮತ್ತೆ ಅದೇ ಕುರ್ಚಿಗೆ ಹೋಗಿ ಕೂತರೆ ಮುಂದಿನ ತಿಂಗಳು ಮತ್ತೆ ಎಣ್ಣೆ.

'ಮೈಯಲ್ಲಿರುವ ಟಾಕ್ಸಿನ್ ಎಲ್ಲ ಹೊರಗೆ ಬರುತ್ತೆ' ಅನ್ನುವ ಮಾತು ಮಸಾಜ್ ಇರುವ ಕಡೆಯೆಲ್ಲ ಕೇಳಿಸುತ್ತದೆ. ಯಾವ ಟಾಕ್ಸಿನ್ ಅಂತ ಕೇಳಿ ನೋಡಿ, ಹೆಸರು ಬರುವುದಿಲ್ಲ. ಆ ಕೆಲಸ ಲಿವರ್ ಮತ್ತು ಕಿಡ್ನಿಯದು. ಸುಮ್ನೆ ಆ ಮಾತಿಗೆ ಎರಡು ಸೆಷನ್ ಜಾಸ್ತಿ ಬುಕ್ ಮಾಡಬೇಡಿ.

ಆಯುರ್ವೇದ ಕೇಂದ್ರ ಆರಿಸುವಾಗ ಒಂದು ವಿಷಯ ಗಮನಿಸಿ. ನಿಮ್ಮನ್ನು ನೋಡುವ ಬಿಎಎಂಎಸ್ (ಆಯುರ್ವೇದ ಪದವಿ) ವೈದ್ಯರು ಬೇರೆ, ಮೈಗೆ ಕೈ ಹಚ್ಚುವ ಥೆರಪಿಸ್ಟ್ ಬೇರೆ. ವೈದ್ಯರದು ಐದೂವರೆ ವರ್ಷದ ಓದು. ಥೆರಪಿಸ್ಟ್ ಕೆಲವು ತಿಂಗಳ ಕೋರ್ಸ್ ಮಾಡಿರಬಹುದು, ಕೆಲಸ ನೋಡುತ್ತಾ ಕಲಿತಿರಬಹುದು. ವೈದ್ಯರು ನಿಮ್ಮನ್ನು ನೋಡಿ ಬರೆದುಕೊಟ್ಟ ಮೇಲೆ ಥೆರಪಿಸ್ಟ್ ಕೈ ಇಟ್ಟರೆ ಅದು ಚಿಕಿತ್ಸೆ. ಕೌಂಟರಿನಲ್ಲಿ ದುಡ್ಡು ಕಟ್ಟಿ ನೇರ ಒಳಗೆ ಹೋದರೆ ಅದು ಸ್ಪಾ. ಸ್ಪಾ ತಪ್ಪಲ್ಲ, ಆದರೆ ಅಲ್ಲಿ ರೋಗಕ್ಕೆ ಮದ್ದು ಹುಡುಕಬೇಡಿ. ಗಂಡಸರಿಗೆ ಗಂಡಸು, ಹೆಂಗಸರಿಗೆ ಹೆಂಗಸು ಥೆರಪಿಸ್ಟ್ ಅನ್ನುವುದು ಒಳ್ಳೆಯ ಆಯುರ್ವೇದ ಕೇಂದ್ರಗಳ ರೂಢಿ.

ಎಣ್ಣೆ ಎಲ್ಲರಿಗೂ ಅಂತ ಆಯುರ್ವೇದವೂ ಹೇಳುವುದಿಲ್ಲ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನವೂ ಅಭ್ಯಂಗ ಮಾಡಿ, ತಲೆ ಕಿವಿ ಪಾದಕ್ಕೆ ವಿಶೇಷವಾಗಿ ಹಚ್ಚಿ ಅಂತ ಇದೆ. ಅದರ ಬೆನ್ನಿಗೇ ಕಫದ ತೊಂದರೆ ಇರುವವರು, ಅಜೀರ್ಣವಾದವರು, ಆಗತಾನೆ ವಮನ ವಿರೇಚನ (ವಾಂತಿ, ಭೇದಿ ಮಾಡಿಸುವ ಶುದ್ಧಿ) ಮಾಡಿಸಿಕೊಂಡವರು ಬೇಡ ಅಂತಲೂ ಇದೆ. ಪ್ಯಾಕೇಜ್ ಮಾರುವವರು ಮೊದಲ ಸಾಲು ಮಾತ್ರ ಹೇಳುತ್ತಾರೆ.

ಲಟಕ್ ಅನ್ನಿಸುವವರು

ರೀಲ್ಸ್ ನೋಡುವವರಿಗೆ ಕೈರೋಪ್ರಾಕ್ಟಿಕ್ ಗೊತ್ತಿರುತ್ತದೆ. ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದ ಝಟ್ ಅಂತ ಒತ್ತಿ, ಬೆನ್ನ ಹತ್ತಿರ ಮೈಕ್ ಹಿಡಿದು, ಲಟಲಟ ಸದ್ದು ಕೇಳಿಸುತ್ತಾರೆ. ಇದು 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಶುರು ಮಾಡಿದ ಪದ್ಧತಿ. ಮೂಳೆ ಜಾಗ ತಪ್ಪಿದೆ, ಲಟಕ್ ಅಂದಾಗ ಕೂತಿತು ಅಂತ ಜನ ತಿಳಿದುಕೊಂಡಿದ್ದಾರೆ. ಆ ಸದ್ದು ಮೂಳೆಯದ್ದಲ್ಲ. ಕೀಲಿನ ಒಳಗಿನ ದ್ರವದಲ್ಲಿ ಒತ್ತಡ ಇಳಿದು ಗಾಳಿಗುಳ್ಳೆ ಹುಟ್ಟುವ ಸದ್ದು. ಬೆರಳು ನೆಟಿಕೆ ಮುರಿದಾಗ ಬರುವುದೂ ಅದೇ. 2015ರಲ್ಲಿ ಎಂಆರ್‌ಐ ಒಳಗೇ ಬೆರಳು ನೆಟಿಕೆ ತೆಗೆದು ಅದನ್ನು ಚಿತ್ರದಲ್ಲಿ ಹಿಡಿದಿದ್ದಾರೆ.

ಸೊಂಟಕ್ಕೆ ಇದರಿಂದ ಅಲ್ಪಸ್ವಲ್ಪ ಪ್ರಯೋಜನ ಇದೆ ಅನ್ನುವುದಕ್ಕೆ ಆಧಾರ ಉಂಟು. ಉಳಿದ ಕೈ ಚಿಕಿತ್ಸೆಗಳಿಗಿಂತ ಹೆಚ್ಚೇನಲ್ಲ. ಕುತ್ತಿಗೆಯ ವಿಷಯಕ್ಕೆ ಬಂದರೆ ನನ್ನ ಸಲಹೆ ನೇರ: ಕುತ್ತಿಗೆಯನ್ನು ಝಟ್ ಅಂತ ತಿರುಗಿಸಲು ಯಾರಿಗೂ ಬಿಡಬೇಡಿ. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿಂದಲೇ ಹಾದು ಹೋಗುತ್ತವೆ. ಜೋರಾಗಿ ತಿರುಗಿಸಿದಾಗ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಹಾಗೇನಾದರೂ ಆಯಿತೆಂದರೆ ಬದುಕೇ ಬದಲಾಗುತ್ತದೆ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನಲ್ಲಿ ಕಟಿಂಗ್ ಜೊತೆ ಪುಕ್ಕಟೆ ತಲೆ ಮಸಾಜ್ ಮಾಡಿ ಕುತ್ತಿಗೆ ತಿರುವಿದ ಮೇಲೆ ಹೀಗೇ ಆಯಿತು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಸಲೂನಿನಲ್ಲಿ ತಲೆ ತಟ್ಟಿಸಿಕೊಳ್ಳಿ, ಭುಜ ಒತ್ತಿಸಿಕೊಳ್ಳಿ. ಗಲ್ಲಕ್ಕೆ ಒಂದು ಕೈ, ತಲೆಗೆ ಒಂದು ಕೈ ಬಂತೋ, 'ಅಣ್ಣಾ, ಅದು ಬೇಡ' ಅಂದುಬಿಡಿ. ಅಣ್ಣ ಬೇಜಾರು ಮಾಡಿಕೊಳ್ಳುವುದಿಲ್ಲ.

ಭಾರತದಲ್ಲಿ ಕೈರೋಪ್ರಾಕ್ಟಿಕ್‌ಗೆ ಅಂತ ಪ್ರತ್ಯೇಕ ಸರ್ಕಾರಿ ಮಂಡಳಿ ಇಲ್ಲ. ಅಮೆರಿಕದಲ್ಲಿರುವ ನಮ್ಮವರ ಸ್ಥಿತಿ ಬೇರೆ. ಅಲ್ಲಿ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಇದೆ, ದೂರು ಕೊಡಲು ಜಾಗ ಇದೆ. ಇಲ್ಲಿ ಬೋರ್ಡು ಹಾಕಿದವರು ಎಲ್ಲಿ, ಎಷ್ಟು ವರ್ಷ ಕಲಿತರು ಅಂತ ನೀವೇ ಕೇಳಬೇಕು.

ಪಾದ, ಬಿಂದು, ಒತ್ತಡ

ಆಕ್ಯುಪ್ರೆಶರ್ ಮತ್ತು ರಿಫ್ಲೆಕ್ಸಾಲಜಿಯನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಮೊದಲನೆಯದು ಚೀನಾದ ಹಳೆಯ ಪದ್ಧತಿ, ಮೈ ತುಂಬ ಬಿಂದುಗಳು. ಎರಡನೆಯದು ಅಮೆರಿಕದ್ದು, ಬರೀ ನೂರು ವರ್ಷದ್ದು. ವಿಲಿಯಂ ಫಿಟ್ಸ್‌ಜೆರಾಲ್ಡ್ ಎಂಬ ಕಿವಿ ಮೂಗು ಗಂಟಲು ವೈದ್ಯ ಮೈಯನ್ನು ಉದ್ದುದ್ದ ಪಟ್ಟಿಗಳಾಗಿ ಭಾಗ ಮಾಡಿದ. 1930ರ ದಶಕದಲ್ಲಿ ಯೂನಿಸ್ ಇಂಗಮ್ ಆ ಪಟ್ಟಿಗಳನ್ನು ಪಾದದ ಮೇಲೆ ನಕ್ಷೆಯಾಗಿ ಬರೆದಳು. ಹೆಬ್ಬೆರಳು ತಲೆಗೆ, ಪಾದದ ಒಳ ಅಂಚು ಬೆನ್ನುಮೂಳೆಗೆ. ಮಾಲ್‌ಗಳಲ್ಲಿ ತೂಗುಹಾಕಿರುವ ಬಣ್ಣದ ಪಾದದ ಚಿತ್ರ ಇದೇ.

ಆಕ್ಯುಪ್ರೆಶರ್‌ನಲ್ಲಿ ಒಂದು ಬಿಂದುವಿಗೆ ಮಾತ್ರ ಒಳ್ಳೆಯ ಆಧಾರ ಇದೆ. ಅದನ್ನು ನೀವೇ ಮಾಡಿಕೊಳ್ಳಬಹುದು. ಅಂಗೈಯನ್ನು ಮೇಲ್ಮುಖವಾಗಿ ಹಿಡಿಯಿರಿ. ಮಣಿಕಟ್ಟಿನ ಗೆರೆಗೆ ತಾಗಿ, ಮೊಣಕೈ ಕಡೆಗೆ ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಮೂರನೆಯ ಬೆರಳು ಮುಗಿಯುವಲ್ಲಿ, ನಡುವೆ ಉಬ್ಬಿ ಕಾಣುವ ಎರಡು ನರದಂಥ ಹುರಿಗಳ ಮಧ್ಯೆ ಹೆಬ್ಬೆರಳಿನಿಂದ ಒತ್ತಿ. ಪಿ6 ಅಂತ ಅದರ ಹೆಸರು. ಆಪರೇಷನ್ ಆದ ಮೇಲೆ ಬರುವ ವಾಕರಿಕೆ ಇದರಿಂದ ಕಡಿಮೆಯಾಗುತ್ತದೆ ಅಂತ ಕೊಕ್ರೇನ್ ಪರಿಶೀಲನೆಗಳು ಹೇಳಿವೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸಲ್ಲಿ ಹೊಟ್ಟೆ ತೊಳಸುವಾಗ ಅಷ್ಟೇ ಕೆಲಸ ಮಾಡುತ್ತಾ? ಅಲ್ಲಿ ಆಧಾರ ಅಷ್ಟು ಗಟ್ಟಿ ಇಲ್ಲ. ಆದರೂ ಒತ್ತಿ ನೋಡುವುದಕ್ಕೆ ಖರ್ಚಿಲ್ಲ, ತೊಂದರೆಯೂ ಇಲ್ಲ.

ರಿಫ್ಲೆಕ್ಸಾಲಜಿಯ ನಕ್ಷೆಗೆ ಮಾತ್ರ ಆಧಾರ ಸಿಕ್ಕಿಲ್ಲ. ಪಾದದಿಂದ ಕಿಡ್ನಿಗೆ ನೇರ ತಂತಿ ಇಲ್ಲ. ಪಾದ ಒತ್ತಿಸಿಕೊಂಡರೆ ಸುಖ, ನಿದ್ದೆಯೂ ಬರಬಹುದು. ಅಷ್ಟಕ್ಕೆ ಹೋಗಿ. ಪಾದ ಒತ್ತಿ 'ಲಿವರ್ ವೀಕ್ ಇದೆ ಸಾರ್, ಹತ್ತು ಸಿಟ್ಟಿಂಗ್ ಬೇಕು' ಅಂದರೆ ಗಾಬರಿ ಬೀಳದೆ ಚಪ್ಪಲಿ ಹಾಕಿಕೊಳ್ಳಿ. ಅನುಮಾನ ಉಳಿದರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಶುಗರ್ ಇದ್ದು ಪಾದದ ಸ್ಪರ್ಶ ಕಡಿಮೆಯಾದವರು ಮರದ ಕಡ್ಡಿಯಲ್ಲಿ ಒತ್ತಿಸಿಕೊಳ್ಳಲೇಬಾರದು. ಗಾಯ ಆದದ್ದು ಗೊತ್ತಾಗುವುದಿಲ್ಲ. ಮುಳ್ಳುಮುಳ್ಳಿನ ಪ್ಲಾಸ್ಟಿಕ್ ಹಲಗೆ ಮೇಲೆ ನಿಲ್ಲುವುದಕ್ಕೂ ಇದೇ ಮಾತು.

ಮುಟ್ಟದೆಯೂ ಮಾಡುವ ರೇಖಿ

ರೇಖಿ 1922ರ ಸುಮಾರಿಗೆ ಜಪಾನಿನಲ್ಲಿ ಮಿಕಾವೊ ಉಸುಯಿ ಶುರು ಮಾಡಿದ್ದು. ಕೈಯನ್ನು ಹಗುರವಾಗಿ ಮೈಮೇಲೆ ಇಡುತ್ತಾರೆ, ಇಲ್ಲವೇ ಸ್ವಲ್ಪ ಮೇಲೆ ಹಿಡಿಯುತ್ತಾರೆ. ಕೈಯಿಂದ ಶಕ್ತಿ ಹರಿಯುತ್ತದೆ ಅನ್ನುವುದು ಅವರ ನಂಬಿಕೆ.

ಇದನ್ನೇ ಹೋಲುವ ಥೆರಪ್ಯೂಟಿಕ್ ಟಚ್ ಎಂಬ ಪದ್ಧತಿಯನ್ನು ಅಮೆರಿಕದ ಎಮಿಲಿ ರೋಸಾ ಎಂಬ ಪುಟ್ಟ ಹುಡುಗಿ ಶಾಲೆಯ ವಿಜ್ಞಾನ ಪ್ರಯೋಗಕ್ಕಾಗಿ ಪರೀಕ್ಷೆ ಮಾಡಿದಳು. ರಟ್ಟಿನ ಪರದೆಯ ತೂತಿನಿಂದ ಚಿಕಿತ್ಸಕರು ಎರಡೂ ಕೈ ಚಾಚಬೇಕು. ನಾಣ್ಯ ಚಿಮ್ಮಿ ಅವಳು ಒಂದು ಕೈಯ ಮೇಲೆ ತನ್ನ ಕೈ ಹಿಡಿಯುತ್ತಾಳೆ. ಯಾವ ಕೈ ಹತ್ತಿರ ಅಂತ ಅವರು ಹೇಳಬೇಕು. 21 ಜನ, 280 ಸಲ, ಸರಿಯಾದದ್ದು 123. ಕಣ್ಣು ಮುಚ್ಚಿ ಊಹಿಸಿದರೂ ಅರ್ಧ ಸರಿಯಾಗಬೇಕಿತ್ತು! 1998ರಲ್ಲಿ ಇದು ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವಳಿಗೆ 11 ವರ್ಷ.

ರೇಖಿಯಿಂದ ಹಾನಿ ಏನೂ ಇಲ್ಲ, ಎಲ್ಲಿವರೆಗೆ ಅಂದರೆ ಬೇರೆ ಚಿಕಿತ್ಸೆ ನಿಲ್ಲಿಸಿ ಅಂತ ಹೇಳುವವರೆಗೆ. ಯಾರಾದರೂ ಒಂದು ಗಂಟೆ ಪಕ್ಕದಲ್ಲಿ ಕೂತು ಗಮನ ಕೊಟ್ಟರೆ ಮನಸ್ಸು ಹಗುರಾಗುತ್ತದೆ. ಅದಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಸಾವಿರಾರು ರೂಪಾಯಿ ಕೊಟ್ಟು ಒಂದನೇ ಲೆವೆಲ್, ಎರಡನೇ ಲೆವೆಲ್, ಮಾಸ್ಟರ್ ಅಂತ ಮೆಟ್ಟಿಲು ಹತ್ತುವ ಮುನ್ನ ಆ ಹುಡುಗಿಯ ರಟ್ಟಿನ ಪರದೆ ನೆನಪು ಮಾಡಿಕೊಳ್ಳಿ.

ಊರು ಬಿಟ್ಟು ಹೋಗಿ ಇರುವುದು

ಧರ್ಮಸ್ಥಳದ ಶಾಂತಿವನ, ಉಡುಪಿ ಕಡೆಯ ಪರೀಕ, ಬೆಂಗಳೂರು ತುಮಕೂರು ರಸ್ತೆಯ ಜಿಂದಾಲ್, ಇವೆಲ್ಲ ಪ್ರಕೃತಿ ಚಿಕಿತ್ಸೆಗೆ ಹೆಸರಾದವು. ಉಜಿರೆಯಲ್ಲಿ 1989ರಿಂದ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ಕಾಲೇಜೂ ಇದೆ. ಇಲ್ಲಿ ಮಸಾಜ್ ಒಂದು ಭಾಗ ಮಾತ್ರ. ಮಣ್ಣಿನ ಪಟ್ಟಿ, ಹಬೆ, ಸೊಂಟ ಸ್ನಾನ, ಯೋಗ, ಉಪ್ಪು ಖಾರ ಕಡಿಮೆಯ ಊಟ, ಬೇಗ ನಿದ್ದೆ. ವಾರ ಇದ್ದು ಬಂದವರ ಮುಖ ಕಳೆಕಳೆಯಾಗಿರುತ್ತದೆ. ಮಸಾಜಿನಿಂದಲೋ, ಹೊತ್ತಿಗೆ ಸರಿಯಾಗಿ ಮಲಗಿದ್ದರಿಂದಲೋ, ಆಫೀಸಿನ ಫೋನ್ ಇಲ್ಲದ್ದರಿಂದಲೋ ಬೇರ್ಪಡಿಸಿ ಹೇಳುವುದು ಕಷ್ಟ. ಸುಸ್ತು, ನಿದ್ದೆಗೇಡು, ತೂಕ, ಇವು ಮುಖ್ಯ ತೊಂದರೆ ಆಗಿದ್ದರೆ ಇದು ಒಳ್ಳೆಯ ಆಯ್ಕೆ. ಒಂದು ಮಂಡಿಯ ನೋವಿಗೋಸ್ಕರ ವಾರ ರಜೆ ಹಾಕಿ ಹೋಗುವುದು ಅಗತ್ಯವಿಲ್ಲ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳುವವರು ಉಪವಾಸ, ರಸಾಹಾರ ಶುರು ಮಾಡುವ ಮುನ್ನ ನಿಮ್ಮ ಡಾಕ್ಟರ ಹತ್ತಿರ ಡೋಸ್ ಮಾತಾಡಿಕೊಂಡು ಹೋಗಿ. ಶುಗರ್ ಏಕಾಏಕಿ ಇಳಿದರೆ ಅಪಾಯ.

ಉಳುಕು, ಮುರಿತ, ಕಟ್ಟು

ಬೋರ್ಡಿನ ಪುತ್ತೂರು ನಮ್ಮ ದಕ್ಷಿಣ ಕನ್ನಡದ್ದಲ್ಲ, ಆಂಧ್ರದ್ದು. ಸೊಪ್ಪಿನ ರಸ, ಮೊಟ್ಟೆ, ಬಟ್ಟೆ, ಬಿದಿರಿನ ದಬ್ಬೆ ಹಾಕಿ ಕಟ್ಟುತ್ತಾರೆ. ಹಳ್ಳಿಗಳಲ್ಲಿ ಉಳುಕು ತೆಗೆಯುವ ಹಿರಿಯರು ಈಗಲೂ ಇದ್ದಾರೆ, ಕೆಲವರ ಕೈಗುಣ ಊರಿಗೇ ಗೊತ್ತು. ಬರೀ ಉಳುಕಿಗೆ ಹೋಗುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಆದರೆ ಉಳುಕೋ ಮುರಿತವೋ ಅಂತ ಕೈಯಿಂದ ಮುಟ್ಟಿ ಹೇಳುವುದು ಎಲ್ಲ ಸಲವೂ ಆಗುವುದಿಲ್ಲ. ಮೊದಲು ಎಕ್ಸ್‌ರೇ. ಮುರಿದಿದ್ದರೆ ಮೂಳೆ ಡಾಕ್ಟರು, ಬೇರೆ ಮಾತಿಲ್ಲ. ಮಕ್ಕಳ ಮೊಣಕೈ ಹತ್ತಿರ ಪೆಟ್ಟು ಬಿದ್ದರಂತೂ ತಿಕ್ಕಿಸಲೇಬೇಡಿ. ಕಟ್ಟು ಹಾಕಿಸಿಕೊಂಡ ಮೇಲೆ ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ನೋವು ಇಳಿಯುವ ಬದಲು ಏರಿದರೆ ಆ ಕ್ಷಣವೇ ಬಿಚ್ಚಿ ಆಸ್ಪತ್ರೆಗೆ ಓಡಿ. ಬಿಗಿ ಕಟ್ಟಿನಿಂದ ರಕ್ತ ಓಡದೆ ಕೈ ಕಾಲು ಕಳೆದುಕೊಂಡವರಿದ್ದಾರೆ. ಜೊತೆಗೆ ಕೊಡುವ ಹೆಸರಿಲ್ಲದ ಪುಡಿ, ಗುಳಿಗೆ ನುಂಗಬೇಡಿ. ಇಂಥ 'ತಕ್ಷಣ ನೋವು ಹೋಗುವ' ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತದ್ದು ಸಿಕ್ಕ ಉದಾಹರಣೆಗಳಿವೆ.

ಬಾಣಂತಿ, ಮಗು

ಎಣ್ಣೆ ನೀರು ಹಾಕಲು ಬರುವ ಅಜ್ಜಿ ಸಿಗುವುದೇ ಈಗ ಕಷ್ಟ. ಸಿಕ್ಕರೆ ಒಳ್ಳೆಯದೇ. ಬಾಣಂತಿಗೆ ಬೆನ್ನು, ಕಾಲು ತೀಡಿಸಿಕೊಳ್ಳುವುದು, ಒಬ್ಬರು ತನ್ನನ್ನೂ ನೋಡಿಕೊಳ್ಳುತ್ತಾರೆ ಅನ್ನಿಸುವುದು ಎರಡೂ ಬೇಕು. ಸಿಸೇರಿಯನ್ ಆಗಿದ್ದರೆ ಹೊಲಿಗೆ ಮಾಯುವವರೆಗೆ ಹೊಟ್ಟೆಗೆ ಕೈ ಬೇಡ. ಮಗುವಿಗೆ ಹಗುರ ಕೈ ಸಾಕು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದನ್ನು ಮಾತ್ರ ಎಷ್ಟೇ ಹಿರಿಯರು ಹೇಳಿದರೂ ತಡೆಯಿರಿ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. 'ಅಜ್ಜೀ, ಡಾಕ್ಟರು ಬೇಡ ಅಂದಿದ್ದಾರೆ' ಅಂದರೆ ಸಾಮಾನ್ಯವಾಗಿ ಜಗಳ ಆಗುವುದಿಲ್ಲ. ತಪ್ಪು ಡಾಕ್ಟರ ಮೇಲೆ ಹೋಗುತ್ತದೆ.

ಯಾವಾಗ ಯಾರ ಕೈಯೂ ಬೇಡ

ಇದನ್ನು ಮಾತ್ರ ಪಟ್ಟಿ ಮಾಡಿಯೇ ಹೇಳುತ್ತೇನೆ. ಇವುಗಳಲ್ಲಿ ಒಂದಿದ್ದರೂ ಮೊದಲು ಡಾಕ್ಟರು:

- ಬೆನ್ನು ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಇದ್ದದ್ದು.
- ಮೂತ್ರ, ಮಲ ಹಿಡಿತ ತಪ್ಪುವುದು, ತೊಡೆಸಂದಿಯಲ್ಲಿ ಜೋಮು, ಕಾಲಿನ ಬಲ ಕುಗ್ಗುವುದು. ಇದಕ್ಕೆ ಅದೇ ದಿನ ಆಸ್ಪತ್ರೆ.
- ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುವುದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಬರಬಹುದು.
- ಬಿದ್ದು ಪೆಟ್ಟಾದ ಮೇಲಿನ ನೋವು, ಅದರಲ್ಲೂ ಮೂಳೆ ಸವೆದ ವಯಸ್ಸಾದವರಿಗೆ.
- ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಗಟ್ಟಿಯಾಗಿ ಒತ್ತುವ ಮಸಾಜ್ ಬೇಡ.
- ಗರ್ಭಿಣಿಯರು ಹೆರಿಗೆ ಡಾಕ್ಟರನ್ನು ಕೇಳದೆ ಯಾವುದೂ ಬೇಡ.

ಶುಗರ್ ಇರುವವರಿಗೆ ಬಿಸಿ ಕಿಳಿ (ಮದ್ದಿನ ಬಿಸಿ ಗಂಟು), ಹಬೆ ಕೊಡುವಾಗ ಬಿಸಿಯನ್ನು ಥೆರಪಿಸ್ಟ್ ತನ್ನ ಕೈಮೇಲೆ ನೋಡಿಕೊಂಡು ಕೊಡಬೇಕು. 'ಬಿಸಿ ಸರಿ ಇದೆಯಾ ಅಮ್ಮಾ?' ಅಂತ ನಿಮ್ಮನ್ನು ಕೇಳಿದರೆ ಸಾಲದು. ಪಾದದಲ್ಲಿ ಸ್ಪರ್ಶವೇ ಇಲ್ಲದವರು ಸರಿ ಇದೆ ಅಂತಲೇ ಹೇಳುತ್ತಾರೆ.

ಫೋನ್ ಮಾಡಿ ಕೇಳಿ, ದುಡ್ಡಿನ ಲೆಕ್ಕ ಹಾಕಿ

ಹೋಗುವ ಮುನ್ನ ಒಂದು ಫೋನ್ ಸಾಕು. ನೋಡುವವರು ಯಾರು, ಏನು ಓದಿದ್ದಾರೆ, ಮೊದಲ ದಿನ ಪರೀಕ್ಷೆ ಮಾಡುತ್ತಾರಾ, ಎಷ್ಟು ಸಲ ಬರಬೇಕಾಗಬಹುದು? ನೋಡುವ ಮೊದಲೇ ಫೋನಿನಲ್ಲಿ 'ಇಪ್ಪತ್ತೊಂದು ದಿನದ ಪ್ಯಾಕೇಜ್ ಇದೆ ಮೇಡಂ, ಇವತ್ತೇ ಕಟ್ಟಿದರೆ ಡಿಸ್ಕೌಂಟ್' ಅಂದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕುಗಳು 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಬೇಕು. ಆಯುರ್ವೇದ, ಯೋಗ, ಹೋಮಿಯೋಪತಿಯಂಥ ಆಯುಷ್ ಕ್ಲಿನಿಕ್ಕಿಗೂ ಅದು ಅನ್ವಯ. ಗೋಡೆ ಮೇಲೆ ಆ ಪ್ರಮಾಣಪತ್ರ ಇದೆಯಾ ನೋಡಿ.

ದರ ಊರಿಂದ ಊರಿಗೆ ಬೇರೆ. ಫಿಸಿಯೋ ಒಂದು ಸಲಕ್ಕೆ ಸಾಮಾನ್ಯವಾಗಿ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಬೆಂಗಳೂರಿನ ಖಾಸಗಿ ಅಭ್ಯಂಗ ಸಾವಿರ ದಾಟುವುದೇ ಹೆಚ್ಚು. ಒಂದು ಸಲದ ದರ ನೋಡಬೇಡಿ, ಒಟ್ಟು ಎಷ್ಟು ಸಲ ಅಂತ ಗುಣಿಸಿ ನೋಡಿ. ಕೈ ಬಿಗಿ ಇದ್ದರೆ ಸರ್ಕಾರಿ ಆಯುರ್ವೇದ ಆಸ್ಪತ್ರೆಗಳನ್ನು ಮರೆಯಬೇಡಿ. ಬೆಂಗಳೂರಿನ ಧನ್ವಂತರಿ ರಸ್ತೆಯಲ್ಲಿ ಜಯಚಾಮರಾಜೇಂದ್ರ ಆಸ್ಪತ್ರೆ ಇದೆ. ಮೈಸೂರಿನಲ್ಲಿ 1908ರಷ್ಟು ಹಳೆಯ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ. ಕಾಯಬೇಕಾಗುತ್ತದೆ, ಸ್ಪಾದ ಹಾಗೆ ಸಂಗೀತ, ಸುಗಂಧ ಇರುವುದಿಲ್ಲ. ಆದರೆ ವೈದ್ಯರು ನೋಡಿಯೇ ಬರೆಯುತ್ತಾರೆ.

ಆರೋಗ್ಯ ವಿಮೆ ಇದ್ದರೆ ಪಾಲಿಸಿಯಲ್ಲಿ ಆಯುಷ್ ಅಂತ ಇರುವ ಸಾಲು ಓದಿ. ಆಯುಷ್ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದ ಚಿಕಿತ್ಸೆಗೆ ಸಾಮಾನ್ಯವಾಗಿ ದುಡ್ಡು ಸಿಗುತ್ತದೆ. ರಿಲಾಕ್ಸ್ ಆಗಲು ಮಾಡಿಸಿಕೊಂಡ ಮಸಾಜಿಗೆ ಸಿಗುವುದಿಲ್ಲ.

ಮೊದಲ ದಿನ ಹೊಟ್ಟೆ ತುಂಬ ಉಂಡು ಹೋಗಬೇಡಿ. ಹಳೆ ರಿಪೋರ್ಟ್, ಮಾತ್ರೆ ಚೀಟಿ ಜೊತೆಗಿರಲಿ. ಒತ್ತುವಾಗ ನೋವಾದರೆ ಹಲ್ಲು ಕಚ್ಚಿ ಸಹಿಸಬೇಡಿ, ಬಾಯಿ ಬಿಟ್ಟು ಹೇಳಿ. ಮುಟ್ಟುವ ರೀತಿ ಹಿಡಿಸದಿದ್ದರೆ ಅರ್ಧಕ್ಕೇ ಎದ್ದು ಬನ್ನಿ. ಮೂರು ನಾಲ್ಕು ಸಲ ಹೋಗಿಯೂ ಬಗ್ಗುವುದು, ಮೆಟ್ಟಿಲು ಹತ್ತುವುದು, ರಾತ್ರಿ ಮಗ್ಗುಲು ಬದಲಿಸುವುದು, ಇವುಗಳಲ್ಲಿ ಒಂದೂ ಸುಲಭ ಆಗಿಲ್ಲ ಅಂದರೆ ಐದನೇ ಸಲಕ್ಕೆ ದುಡ್ಡು ಕಟ್ಟುವ ಬದಲು ಬೇರೆ ಯಾರಿಗಾದರೂ ತೋರಿಸಿ.